ಮುಂದೆ ಕಟ್ಟುನಿಟ್ಟು, ಹಿಂದೆ ಸಡಿಲ: ಅಂಕುಡೊಂಕು ಹಾಲಿನಲ್ಲಿ ಸರೌಂಡ್ ಸೌಂಡ್

ಮಾದಪ್ಪನ ಬೆಟ್ಟದ ಜಾತ್ರೆಯಲ್ಲಿ ಕಣ್ಣು ಮುಚ್ಚಿ ನಿಂತರೂ ಕಂಸಾಳೆಯವರು ಎಡಕ್ಕಿದ್ದಾರೋ ಬಲಕ್ಕಿದ್ದಾರೋ ತಿಳಿಯುತ್ತದೆ. ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಮುಟ್ಟುತ್ತದೆ. ನಡುವಿನ ಅಂತರ 1 ಮಿಲಿ ಸೆಕೆಂಡ್ ಕೂಡ ಇರುವುದಿಲ್ಲ. ಅಷ್ಟರಲ್ಲೇ ಮಿದುಳು ದಿಕ್ಕು ಲೆಕ್ಕ ಹಾಕಿರುತ್ತದೆ. ಸರೌಂಡ್ ಸೌಂಡ್ ನಂಬಿಕೊಂಡಿರುವುದು ಕಿವಿಯ ಈ ಜಾಣತನವನ್ನೇ. 1979ರ ‘ಅಪೋಕ್ಯಾಲಿಪ್ಸ್ ನೌ’ ಸಿನಿಮಾದ ಶುರುವಿನಲ್ಲೇ ಹೆಲಿಕಾಪ್ಟರ್ ಸದ್ದು ಪ್ರೇಕ್ಷಕರ ಸುತ್ತ ತಿರುಗಿತು. ಇವತ್ತು ನಮ್ಮ ಮನೆಗೆ ಬರುವ 5.1 ಸೆಟ್ ಅದೇ ವಂಶದ್ದು: ಮುಂದೆ ಮೂರು ಬಾಕ್ಸ್, ಹಿಂದೆ ಎರಡು, ಗುಡುಗಲು ಒಂದು ಸಬ್ ವೂಫರ್.

ಸೆಟ್ಟಿನ ಜೊತೆ ಬರುವ ಪುಸ್ತಕದಲ್ಲಿ ಒಂದು ಚೌಕಾಕಾರದ ಕೋಣೆಯ ಚಿತ್ರವಿರುತ್ತದೆ. ಅಂಥ ಕೋಣೆ ಗುಂಡ್ಲುಪೇಟೆಯ ಹಳೇ ಬೀದಿಗಳಲ್ಲಾಗಲಿ ಚಾಮರಾಜನಗರದ ಹೊಸ ಬಡಾವಣೆಗಳಲ್ಲಾಗಲಿ ಎಷ್ಟು ಮನೆಯಲ್ಲಿದೆ? ನಮ್ಮದು ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಹಾಲು. ಬಲಕ್ಕೆ ಗೋಡೆ, ಎಡಕ್ಕೆ ಅರ್ಧ ಗೋಡೆ. ಉಳಿದರ್ಧ ಊಟದ ಜಾಗಕ್ಕೆ ತೆರೆದುಕೊಂಡಿರುತ್ತದೆ. ಒಂದು ಮೂಲೆಯಲ್ಲಿ ಮೆಟ್ಟಿಲು, ಇನ್ನೊಂದರಲ್ಲಿ ದೇವರ ಕೋಣೆ. ಇಲ್ಲಿ ಚಿತ್ರದಂತೆ ಜೋಡಿಸಲು ಹೊರಟವರು ಸೋತು, ಐದೂ ಬಾಕ್ಸನ್ನು ಷೋಕೇಸಿನ ನೆತ್ತಿಯ ಮೇಲೆ ಸಾಲಾಗಿ ಕೂರಿಸಿಬಿಡುತ್ತಾರೆ. ಇದಕ್ಕಿಂತ ಟಿವಿಯ ಸ್ವಂತ ಸ್ಪೀಕರೇ ವಾಸಿ.

ಕಿವಿ ಎಲ್ಲ ದಿಕ್ಕಿಗೂ ಒಂದೇ ನಿಗಾ ಕೊಡುವುದಿಲ್ಲ. ಎದುರಿಗಿನ ಸದ್ದು ಒಂದೆರಡು ಡಿಗ್ರಿ ಸರಿದರೂ ಪತ್ತೆ ಹಚ್ಚುತ್ತದೆ. ಪಕ್ಕದ್ದು ಹತ್ತು ಡಿಗ್ರಿ ಆಚೀಚೆಯಾದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗಾಗಿ ಮನೆಯ ಡೊಂಕನ್ನೆಲ್ಲ ಹಿಂದಕ್ಕೆ ತಳ್ಳಿ, ಮುಂದಿನ ಮೂರು ಬಾಕ್ಸಿನ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ.

ಮೊದಲು ಕೂರುವ ಜಾಗ ಗೊತ್ತುಮಾಡಿ, ಬಾಕ್ಸಿನ ಯೋಚನೆ ಆಮೇಲೆ. ಟಿವಿ ಹತ್ತಡಿಯ ಗೋಡೆಗಿರಲಿ, ಸೋಫಾ ಅದರಿಂದ ಒಂಬತ್ತಡಿಗೆ. ಎಡ, ಬಲ ಬಾಕ್ಸ್‌ಗಳು ನಡುಗೆರೆಯಿಂದ 22ರಿಂದ 30 ಡಿಗ್ರಿ ಕೋನದಲ್ಲಿರಬೇಕು ಎನ್ನುತ್ತದೆ ಡಾಲ್ಬಿ. 30 ಡಿಗ್ರಿ ಬೇಕೆಂದರೆ ಎರಡರ ನಡುವೆ ಹತ್ತಡಿಗೂ ಹೆಚ್ಚು ಅಂತರ ಬೇಕು. ಗೋಡೆ ಒಡೆಯದೆ ಆಗದ ಮಾತು. 22 ಡಿಗ್ರಿಗೆ ಏಳೂಕಾಲು ಅಡಿ ಸಾಕು. ಧಾರಾಳವಾಗಿ ಹಿಡಿಸುತ್ತದೆ, ಪಕ್ಕದ ಗೋಡೆಗಳಿಂದ ಒಂದಡಿ ಬಿಟ್ಟೂ ಜಾಗ ಉಳಿಯುತ್ತದೆ. ನಡುವಿನ ಬಾಕ್ಸ್ ಮಾತಿನದು. ಅದನ್ನು ಷೋಕೇಸಿನೊಳಗೆ ಬೊಂಬೆಗಳ ಹಿಂದೆ ತುರುಕಿ, ಆಮೇಲೆ ‘ಡೈಲಾಗೇ ಕೇಳಿಸಲ್ಲ’ ಎನ್ನುವವರು ಬಹಳ. ಹಲಗೆಯ ಅಂಚಿಗೆ ಎಳೆದು, ಕೆಳಗೊಂದು ರಬ್ಬರ್ ತುಂಡಿಟ್ಟು ಮುಖವನ್ನು ಕಿವಿಯತ್ತ ಎತ್ತಿ. ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಹಿಂದಿನ ಜೋಡಿಗೆ 90ರಿಂದ 110 ಡಿಗ್ರಿ. ಎಂದರೆ ಕಿವಿಯ ಪಕ್ಕಕ್ಕೆ, ತುಸು ಹಿಂದಕ್ಕೆ. ಕೂತವರ ಕಿವಿಗಿಂತ ಒಂದೆರಡು ಅಡಿ ಎತ್ತರ. ಬಲಕ್ಕೆ ಗೋಡೆಯಿದೆ, ಎಡಕ್ಕೆ ಇಲ್ಲ. ಎಡಬಾಕ್ಸನ್ನು ಸ್ಟ್ಯಾಂಡಿನ ಮೇಲೋ ತೊಲೆಯಿಂದ ಇಳಿಬಿಟ್ಟ ಕ್ಲಾಂಪಿನಲ್ಲೋ ಕೂರಿಸಿ. ಕೋನ ಎರಡೂ ಕಡೆ ಹೊಂದಿಕೊಂಡರೆ ಸಾಕು, ದೂರ ಹೆಚ್ಚುಕಮ್ಮಿಯಾದರೆ ಯಂತ್ರ ನೋಡಿಕೊಳ್ಳುತ್ತದೆ. ಸದ್ದು ಒಂದಡಿ ಸಾಗಲು ಸುಮಾರು 0.9 ಮಿಲಿ ಸೆಕೆಂಡ್ ಬೇಕು. ಬಲದ್ದು ನಾಲ್ಕಡಿಗೆ, ಎಡದ್ದು ಒಂಬತ್ತಡಿಗೆ ಇದ್ದರೆ ನಾಲ್ಕೂವರೆ ಮಿಲಿ ಸೆಕೆಂಡ್ ವ್ಯತ್ಯಾಸ. ಟೇಪು ಹಿಡಿದು ಅಳೆದು ಆಂಪ್ಲಿಫೈಯರಿನ ಮೆನುವಿನಲ್ಲಿ ದೂರ ಬರೆದರೆ, ಹತ್ತಿರದ ಬಾಕ್ಸನ್ನು ಅದು ಅಷ್ಟೇ ಹೊತ್ತು ತಡೆದು ನುಡಿಸುತ್ತದೆ. ಮೈಕ್ ಇಟ್ಟು ತಾನೇ ಅಳೆಯುವ ಸೆಟ್ಟಾದರೆ, ಸಬ್ ವೂಫರಿನ ದೂರ ನಿಜಕ್ಕಿಂತ ಹೆಚ್ಚು ತೋರಿಸಬಹುದು. ತಿದ್ದಲು ಹೋಗಬೇಡಿ, ಅದರ ಒಳಗಿನ ತಡವನ್ನೂ ಸೇರಿಸಿದ ಲೆಕ್ಕ ಅದು.

ಸಬ್ ವೂಫರ್ ಪಾಡೇ ಬೇರೆ. 80 ಹರ್ಟ್ಸಿನ ಅಲೆ ಒಂದೊಂದೂ ಹದಿನಾಲ್ಕು ಅಡಿ ಉದ್ದ. ಅಷ್ಟು ಕೆಳಗಿನ ಸದ್ದಿಗೆ ದಿಕ್ಕು ತಿಳಿಯದು, ಆದರೆ ಕೋಣೆಯ ಗೋಡೆಗಳು ಅದನ್ನು ಕಾಡುತ್ತವೆ. ಇಪ್ಪತ್ತಡಿಯ ಉದ್ದ 28 ಹರ್ಟ್ಸನ್ನೂ ಅದರ ದುಪ್ಪಟ್ಟಾದ 56ನ್ನೂ ಉಬ್ಬಿಸುತ್ತದೆ, ಹತ್ತಡಿಯ ಅಗಲವೂ 56ನ್ನೇ ಉಬ್ಬಿಸುತ್ತದೆ. ಉದ್ದ ಅಗಲದ ದುಪ್ಪಟ್ಟಿರುವ ಮನೆಯಲ್ಲಿ ಬೇಸ್ ಒಂದೇ ಸ್ವರಕ್ಕೆ ಗುಂಯ್‌ಗುಡುವುದು ಇದಕ್ಕೇ. ಅಲ್ಲಿ ನಿಮ್ಮ ಒಡೆದ ಎಡಗೋಡೆ ವರವಾದೀತು, ಲೆಕ್ಕ ಅಷ್ಟು ಕರಾರುವಾಕ್ಕಾಗಿ ಕೂರುವುದಿಲ್ಲ. ಒಳ್ಳೆಯ ಜಾಗ ಹುಡುಕಲು ವೂಫರನ್ನೇ ಸೋಫಾದ ಮೇಲಿಡಿ, ಬೇಸ್ ತುಂಬಿದ ಹಾಡು ಹಾಕಿ, ಗೋಡೆಯ ಗುಂಟ ಮಂಡಿಯೂರಿ ಅಂಬೆಗಾಲಿಡಿ. ಎಲ್ಲಿ ತಮಟೆ, ಡೋಲಿನ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿಗೆ ವೂಫರ್. ಮನೆಯವರು ನಗುತ್ತಾರೆ, ನಗಲಿ. ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆಗೆ ಮಾತ್ರ ತಾಗಿಸಬೇಡಿ.

ಇನ್ನು ನೆಲ. ಕರಿಕಲ್ಲು ಚಾಮರಾಜನಗರದ ಹೆಮ್ಮೆ, ಹೊರದೇಶಕ್ಕೂ ಹೋಗುತ್ತದೆ. ಸದ್ದಿನ ಪಾಲಿಗೆ ಅದು ಕನ್ನಡಿ. ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಝರ್ರ್’ ಎಂದು ಬಾಲ ಹಿಡಿದು ಬಂದರೆ ಸದ್ದು ಎದುರುಬದುರು ಗೋಡೆಗಳ ನಡುವೆ, ನೆಲ ಮೋಲ್ಡುಗಳ ನಡುವೆ ಓಡಾಡುತ್ತಿದೆ ಎಂದರ್ಥ. ಸೋಫಾದ ಮುಂದೆ ದಪ್ಪ ಜಮಖಾನ ಅಥವಾ ಕರಿಕಂಬಳಿ ಹಾಸಿ, ಕಿಟಕಿಗೆ ನೆರಿಗೆ ತುಂಬಿದ ಪರದೆ ಬಿಡಿ, ಪುಸ್ತಕದ ಬೀರು ಇದ್ದರೆ ಹಿಂಗೋಡೆಗೆ ತನ್ನಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಬೇಸ್ ಸದ್ದಿಗೆ ಇವು ಏನೂ ಮಾಡವು, ಮಾತು ಮಾತ್ರ ತಿಳಿಯಾಗುತ್ತದೆ.

ಎಲ್ಲ ಆದಮೇಲೆ ಕೇಳುವುದನ್ನು ಕಲಿಯಬೇಕು. ಅಂಗಡಿಯವರು ಬಾಂಬು ಸಿಡಿಸಿ ತೋರಿಸುತ್ತಾರೆ. ಬಾಂಬು ಯಾವ ಡಬ್ಬದಲ್ಲೂ ಸಿಡಿಯುತ್ತದೆ. ನೀವು ‘ಕಾಂತಾರ’ದಂಥ ಸಿನಿಮಾದ ಕಾಡಿನ ರಾತ್ರಿಯೊಂದನ್ನು ಹಾಕಿ. ಮಾತು ಪರದೆಯಿಂದಲೇ ಬರಬೇಕು, ಕಾಡು ಸುತ್ತಲೂ ಇರಬೇಕು. ‘ಓ, ಹಿಂದಿನ ಬಾಕ್ಸ್ ನುಡೀತಿದೆ’ ಎಂದು ಕತ್ತು ತಿರುಗಿತೋ, ಅದರ ಸದ್ದು ಹೆಚ್ಚಾಗಿದೆ. ಎರಡು ಡೆಸಿಬೆಲ್ ಇಳಿಸಿ. ಆಮೇಲೆ ಹಿಂದಿನ ಜೋಡಿಯನ್ನು ಪೂರ್ತಿ ಬಂದ್ ಮಾಡಿ. ಕೋಣೆ ಥಟ್ಟನೆ ಚಿಕ್ಕದಾದಂತೆ ಅನ್ನಿಸಿದರೆ ಜೋಡಣೆ ಸರಿಯಾಗಿತ್ತು.

ಹಿಂದೆ ಜಾಗವೇ ಇಲ್ಲದ ಮನೆಗಳೂ ಉಂಟು. ಅಂಥವರು ಮುಂದಿನ ಮೂರು, ಒಂದು ವೂಫರ್ ಇಷ್ಟಕ್ಕೇ ದುಡ್ಡು ಹಾಕಲಿ, ನಷ್ಟವಿಲ್ಲ. ಯಾವುದಕ್ಕೂ ಸೆಟ್ ಕೊಳ್ಳಲು ಮೈಸೂರಿನ ಬಸ್ಸು ಹತ್ತುವ ಮುಂಚೆ ನಿಮ್ಮ ಹಾಲನ್ನು ಟೇಪಿನಲ್ಲಿ ಅಳೆದು, ಬಾಗಿಲು, ಮೆಟ್ಟಿಲು, ಸೋಫಾ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.