'ಸ್ವಾಯತ್ತ' ಎಂಬ ವಿಶೇಷಣದ ವಿಚಾರ

ಫೋಸ್ಕಿನಿ ಮತ್ತು ಮಿಲ್ಯಾನಿಕ್ ಇವರು 1993ರಲ್ಲಿ ಪ್ರಕಟಿಸಿದ ಪ್ರಬಂಧವು ಸಂಚಾರಿ ದೂರವಾಣಿಯ ಶಾಸ್ತ್ರದಲ್ಲಿ ಆಧಾರಲೇಖನದ ಸ್ಥಾನವನ್ನು ಪಡೆದಿದೆ. ನಿಸ್ತಂತು ಜಾಲದ ಪ್ರತಿಯೊಂದು ಪ್ರೇಷಕವೂ ಎಷ್ಟು ಶಕ್ತಿಯಿಂದ ಸಂಕೇತವನ್ನು ಹೊರಡಿಸಬೇಕೆಂಬುದೇ ಅದರ ವಿಷಯ. ಲೇಖಕರು ತಮ್ಮ ಕ್ರಮವನ್ನು ಶೀರ್ಷಿಕೆಯಲ್ಲಿಯೇ ಸರಳ, ವಿಕೇಂದ್ರಿತ, ಸ್ವಾಯತ್ತ ಎಂದು ಕರೆದಿದ್ದಾರೆ. ಮೊದಲೆರಡಕ್ಕೆ ನಮ್ಮ ತಕರಾರಿಲ್ಲ. ಮೂರನೆಯದು ಮಾತ್ರ ಇತಿಹಾಸದ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸುತ್ತದೆ; ಆಳುವವರಿಲ್ಲದೆಯೂ ವ್ಯವಸ್ಥೆಯು ನೆಲೆಗೊಳ್ಳಬಲ್ಲುದೆಂಬ ವಾದಕ್ಕೆ ಇಂಥ ಉದಾಹರಣೆಗಳು ಬಲು ಸುಲಭವಾಗಿ ಒದಗುತ್ತವೆ.

ಸಮಸ್ಯೆಯ ಸ್ವರೂಪ ಹೀಗಿದೆ. ಸಿ.ಡಿ.ಎಂ.ಎ. ಪದ್ಧತಿಯಲ್ಲಿ ಒಂದು ಗೋಪುರದ ವ್ಯಾಪ್ತಿಯವರೆಲ್ಲರೂ ಒಂದೇ ತರಂಗಪಟ್ಟಿಯಲ್ಲಿ ಏಕಕಾಲಕ್ಕೆ ಮಾತನಾಡುತ್ತಾರೆ. ಒಬ್ಬನ ಮಾತು ಉಳಿದವರಿಗೆ ಗದ್ದಲ. ಸಂಕೇತದ ಬಲವು ದೂರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಕುಗ್ಗುವುದೆಂದು ಹಿಡಿದರೆ, ಸಮಾನ ಶಕ್ತಿಯ ಎರಡು ದೂರವಾಣಿಗಳಲ್ಲಿ 100 ಮೀಟರ್ ದೂರದ್ದು 2 ಕಿಲೋಮೀಟರ್ ದೂರದ್ದಕ್ಕಿಂತ 1,60,000 ಪಾಲು ಪ್ರಬಲವಾಗಿ ಕೇಳಿಸುತ್ತದೆ. ಸಮೀಪದವನು ದನಿ ತಗ್ಗಿಸದೆ ದೂರದವನಿಗೆ ಗತಿಯಿಲ್ಲ.

ಲೇಖಕರು ಸೂಚಿಸಿದ ಪರಿಹಾರವು ಮನೋಹರವಾದುದು. ಪ್ರತಿಯೊಂದು ಸಂಪರ್ಕವೂ ತನ್ನ ಸಂಕೇತಕ್ಕೂ ಗದ್ದಲಕ್ಕೂ ಇರುವ ಪ್ರಮಾಣವನ್ನಷ್ಟೇ ಅಳೆಯುವುದು. ಅದು ಗುರಿಯ ಅರ್ಧದಷ್ಟಿದ್ದರೆ ಶಕ್ತಿಯನ್ನು ಇಮ್ಮಡಿಸುವುದು, ಇಮ್ಮಡಿಯಿದ್ದರೆ ಅರ್ಧಕ್ಕಿಳಿಸುವುದು. ನೆರೆಯವರ ಸ್ಥಿತಿಗತಿಯನ್ನು ತಿಳಿಯಬೇಕಾಗಿಲ್ಲ. ಎಲ್ಲರ ಗುರಿಗಳೂ ಒಟ್ಟಿಗೆ ಸಾಧ್ಯವಾಗುವಂತಿದ್ದರೆ ಈ ಪುನರಾವೃತ್ತಿಯು ಸಮತೋಲದಲ್ಲಿ ನೆಲೆಗೊಳ್ಳುತ್ತದೆ.

ಆದರೆ ರಾಜನೀತಿಯೆಲ್ಲವೂ ಆ 'ಇದ್ದರೆ' ಎಂಬುದರಲ್ಲಿಯೇ ಅಡಗಿದೆ. ಗುರಿಗಳು ಅಸಾಧ್ಯವಾದಾಗ ಎಲ್ಲರೂ ಶಕ್ತಿಯನ್ನು ಏರಿಸುತ್ತಲೇ ಹೋಗಿ ಯಂತ್ರದ ಮಿತಿಯನ್ನು ಮುಟ್ಟುತ್ತಾರೆ, ಯಾರನ್ನಾದರೂ ಹೊರಗಿಡಬೇಕಾಗುತ್ತದೆ. ಯಾರನ್ನು? ಗುರಿಯನ್ನು ಗೊತ್ತುಮಾಡುವವರಾರು? ಸೂತ್ರಕ್ಕೆ ಇವು ಹೊರಗಿನ ಪ್ರಶ್ನೆಗಳು. ಜಾಲವನ್ನು ನಡೆಸುವವರಿಗೆ ಹಾಗಲ್ಲ.

ಅದೇ 1993ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಐ.ಎಸ್.-95 ಮಾನಕವನ್ನು ಈ ಪ್ರಬಂಧದ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಗೋಪುರವು ಪ್ರತಿ ದೂರವಾಣಿಗೂ ಸೆಕೆಂಡಿಗೆ 800 ಬಾರಿ 'ಏರಿಸು' ಇಲ್ಲವೆ 'ಇಳಿಸು' ಎಂದು ಆಜ್ಞಾಪಿಸುತ್ತದೆ. ದೂರವಾಣಿಯು ಪ್ರತಿ ಸಲವೂ ಸುಮಾರು 1 ಡೆಸಿಬೆಲ್‌ನಷ್ಟು ವಿಧೇಯವಾಗಿ ಸರಿಯುತ್ತದೆ. ಮುಂದೆ ಬಂದ ಡಬ್ಲ್ಯೂ.ಸಿ.ಡಿ.ಎಂ.ಎ.ಯಲ್ಲಿ ಈ ಆಜ್ಞೆಗಳ ಸಂಖ್ಯೆ 1,500ಕ್ಕೆ ಏರಿತು. ಗುರಿಯನ್ನಾದರೂ ಜಾಲವೇ ಮಾತಿನ ಗುಣವನ್ನು ನೋಡಿ ತಿದ್ದುತ್ತಿರುತ್ತದೆ. ನಮ್ಮ ಶಾಸನಗಳ ಸಾಮಂತರಿಗೂ ಇದಕ್ಕಿಂತ ಹೆಚ್ಚಿನ ಬಿಡುವಿತ್ತು!

ಕರೆಯ ಆರಂಭದಲ್ಲಿ ಮಾತ್ರ ದೂರವಾಣಿಯು ತನಗೆ ಬಂದ ಗೋಪುರದ ಸಂಕೇತದ ಬಲವನ್ನು ನೋಡಿ, ತಾನು ಬಳಸಬೇಕಾದ ಶಕ್ತಿಯನ್ನು ತಾನೇ ಅಂದಾಜು ಮಾಡಿಕೊಳ್ಳುತ್ತದೆ. ಸ್ವಾಯತ್ತತೆಯೆಂಬುದಿದ್ದರೆ ಅದು ಅಷ್ಟೇ. ಹೋಗುವ ಮತ್ತು ಬರುವ ಸಂಕೇತಗಳ ಆವೃತ್ತಿಗಳು ಬೇರೆಬೇರೆಯಾಗಿದ್ದು, ಅವುಗಳ ಏರಿಳಿತಗಳು ಪರಸ್ಪರ ಹೊಂದದಿದ್ದುದರಿಂದ, ಆ ಅಂದಾಜು ಸಾಲದೆಂದು ಕಂಡೇ ಮಾನಕವನ್ನು ರೂಪಿಸಿದವರು ಆಜ್ಞೆಯ ಏರ್ಪಾಟನ್ನು ಮಾಡಿದರು.