ಮನೆ ಮುಗಿದ ಮೇಲೆ ಓದಿದ ಪುಸ್ತಕ

ಲಾರಿ ಬೇಕರ್ ಬರೆದ ‘ಹೌಸಸ್: ಹೌ ಟು ರೆಡ್ಯೂಸ್ ಬಿಲ್ಡಿಂಗ್ ಕಾಸ್ಟ್ಸ್’ ಎಂಬ ಇಂಗ್ಲಿಷ್ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಮನೆ ಕಟ್ಟಿ, ಗೃಹಪ್ರವೇಶದ ಊಟವೂ ಮುಗಿದ ಮೇಲೆ. ಮನೆ ಕಟ್ಟುವ ಖರ್ಚನ್ನು ಹೇಗೆ ಕಡಿಮೆ ಮಾಡೋದು ಅನ್ನೋದೇ ಅದರ ವಿಷಯ. ಸಾಲ ಮಾಡಿ ಸ್ಲ್ಯಾಬು ಹಾಕಿಸಿದವನಿಗೆ ಇಂಥ ಪುಸ್ತಕ ಓದೋದು ಕಷ್ಟ. ಆದರೂ ಎರಡು ಸಲ ಓದಿದೆ. ರಾಯದುರ್ಗ, ಮಡಕಶಿರಾ ಕಡೆ ಪಾಯ ತೆಗೆಸಬೇಕು ಅಂತ ಇರುವವರಿಗೆ ಇದರಿಂದ ಏನು ಸಿಗುತ್ತೆ, ಏನು ಸಿಗಲ್ಲ ಅಂತ ಹೇಳೋದಕ್ಕೆ ಈ ಬರಹ.

ಬೇಕರ್ 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದರು. ನಮ್ಮ ದೇಶಕ್ಕೆ ಬಂದು ಕುಷ್ಠರೋಗಿಗಳ ಆಸ್ಪತ್ರೆ ಕಟ್ಟುವ ಕೆಲಸಕ್ಕೆ ನಿಂತರು. ಕೆಲವು ವರ್ಷ ಹಿಮಾಲಯದ ಪಿತೋರಗಢದಲ್ಲಿದ್ದು, ಆಮೇಲೆ ಕೊನೆತನಕ ಕೇರಳದಲ್ಲಿದ್ದರು. 1990ರಲ್ಲಿ ಪದ್ಮಶ್ರೀ ಬಂತು, 2007ರಲ್ಲಿ ತೀರಿಕೊಂಡರು. ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೇ ಸಿಗುವಂತಿರಬೇಕು ಎಂಬ ಗಾಂಧೀಜಿಯ ವಿಚಾರ ಅವರ ಕೆಲಸಕ್ಕೆ ಬುನಾದಿ. ಪುಸ್ತಕದ ಅಕ್ಷರವೂ ಚಿತ್ರವೂ ಅವರ ಕೈಯವೇ. ಇಂಗ್ಲಿಷ್ ಬರದವರಿಗೂ ಚಿತ್ರ ನೋಡಿದರೆ ಅರ್ಧ ಅರ್ಥವಾಗುತ್ತೆ.

ಪುಸ್ತಕದ ಬಲ ಒಂದೇ ಪ್ರಶ್ನೆಯಲ್ಲಿದೆ: ಇದು ನಿಜಕ್ಕೂ ಬೇಕಾ? ಪಾಯದ ಮಣ್ಣನ್ನು ಹೊರಗೆ ಎಸೆದು, ಆಮೇಲೆ ಕೂಲಿ ಕೊಟ್ಟು ಒಳಗೆ ತುಂಬಿಸೋದು ಯಾಕೆ? ಮೊದಲೇ ಒಳಗೆ ಹಾಕಿದರೆ ಆಗಲ್ವಾ? ಗೋಡೆಗಿಂತ ಕಿಟಕಿ ಎಷ್ಟೋ ಪಟ್ಟು ದುಬಾರಿ, ಅಷ್ಟೊಂದು ಕಿಟಕಿ ಬೇಕಾ? ಪ್ರತಿ ಬಾಗಿಲಿಗೂ ಚೌಕಟ್ಟು ಬೇಕಾ? ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟಿದರೆ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತೆ, ಆ ಪೊಳ್ಳು ಬಿಸಿಲನ್ನೂ ತಡೆಯುತ್ತೆ.

ಗೋಡೆಯ ಆಕಾರದ ಮಾತಂತೂ ಮೇಷ್ಟ್ರುಗಳು ಮಕ್ಕಳಿಗೆ ಕೊಡಬಹುದಾದ ಲೆಕ್ಕ. 20 ಅಡಿ ಉದ್ದ, 5 ಅಡಿ ಅಗಲದ ಕೋಣೆಗೆ 50 ಅಡಿ ಗೋಡೆ ಬೇಕು. 10ಕ್ಕೆ 10ರ ಕೋಣೆಯಲ್ಲೂ ಅಷ್ಟೇ 100 ಚದರಡಿ ಜಾಗ, ಆದರೆ ಗೋಡೆ 40 ಅಡಿ ಸಾಕು. ದುಂಡಗೆ ಕಟ್ಟಿದರೆ ಮೂವತ್ತೈದೂವರೆ ಅಡಿಯಲ್ಲೇ ಮುಗಿಯುತ್ತೆ. ಇದನ್ನು ಮೊದಲೇ ನೋಡಿದ್ದಿದ್ದರೆ ನಾನು ನಡುಮನೆಯನ್ನು ರೈಲುಡಬ್ಬಿ ಹಾಗೆ ಉದ್ದಕ್ಕೆ ಎಳೆಸುತ್ತಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ತಕರಾರು.

ದುಂಡು ಗೋಡೆ ಲೆಕ್ಕದಲ್ಲಿ ಗೆಲ್ಲುತ್ತೆ, ಸೈಟಿನಲ್ಲಿ ಸೋಲುತ್ತೆ. 2020ರ ಡಿಸೆಂಬರಿನಲ್ಲಿ ಶುರುವಾದ ಆಂಧ್ರ ಸರ್ಕಾರದ ಯೋಜನೆಯಲ್ಲಿ ಹಳ್ಳಿಯವರಿಗೆ ಕೊಟ್ಟದ್ದು ಒಂದೂವರೆ ಸೆಂಟು ಜಾಗ, ಅಂದರೆ ಸುಮಾರು 650 ಚದರಡಿ. ಅದರಲ್ಲಿ ಮನೆ 340 ಚದರಡಿ. ಇಂಥ ಜಾಗದಲ್ಲಿ ದುಂಡಗೆ ಕಟ್ಟಿ ನಾಲ್ಕು ಮೂಲೆ ಬಿಟ್ಟರೆ ಶೇಂಗಾ ಮೂಟೆ ಎಲ್ಲಿಡೋದು, ಎರಡು ಮೇಕೆ ಎಲ್ಲಿ ಕಟ್ಟೋದು?

ಕಿಟಕಿ ಬದಲು ಇಟ್ಟಿಗೆಯ ಜಾಲಂಧ್ರ ಬಿಡಿ ಅಂತಾರೆ. ಮಳೆ, ಹಸಿರು ಇರೋ ಕೇರಳಕ್ಕೆ ಅದು ಸರಿ. ನಮ್ಮ ಆಷಾಢದ ಗಾಳಿಗೆ ಆ ತೂತುಗಳಿಂದ ಬರೋದು ಧೂಳು. ಮುಚ್ಚೋದಕ್ಕೆ ರೆಕ್ಕೆಯೂ ಇಲ್ಲ. ರಾಯದುರ್ಗದಲ್ಲಿ ಮನೆಯಲ್ಲೇ ಮಿಷನ್ ಇಟ್ಟು ಜೀನ್ಸ್ ಪ್ಯಾಂಟ್ ಹೊಲಿಯೋ ಹೆಣ್ಣುಮಕ್ಕಳಿಗೆ ಕಿಟಕಿ ಅಂದರೆ ಶೋಕಿಯಲ್ಲ, ಕೂಲಿ. ಸೂಜಿ ಕಾಣದಿದ್ದರೆ ದುಡಿಮೆ ನಿಂತಹಾಗೆ.

ದೊಡ್ಡ ತಕರಾರು ಚಾವಣಿಯದು. ಕೇರಳದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಹತ್ತಿರ ಮಳೆ, ನಮ್ಮ ಅನಂತಪುರ ಸೀಮೆಗೆ 550ರ ಆಸುಪಾಸು. ಅವರಿಗೆ ಮಳೆ ತಡೆಯೋ ಸೂರು ಬೇಕು, ನಮಗೆ ಬಿಸಿಲು ತಡೆಯೋದು. ಸ್ಲ್ಯಾಬಿನ ಕೆಳಭಾಗದಲ್ಲಿ, ಸರಳುಗಳ ನಡುವೆ, ಮಂಗಳೂರು ಹೆಂಚು ಇಟ್ಟು ಕಾಂಕ್ರೀಟ್ ಉಳಿಸುವ ಉಪಾಯ ಬೇಕರ್ ತೋರಿಸ್ತಾರೆ. ಒಂದರ ಮೇಲೊಂದು ಎರಡು ಹೆಂಚಿಟ್ಟರೆ ನಡುವಿನ ಗಾಳಿ ತಾಪವನ್ನೂ ತಗ್ಗಿಸುತ್ತೆ. ಒಳ್ಳೆಯ ಉಪಾಯವೇ. ಆದರೆ ನಮ್ಮಪ್ಪನ ಕಾಲದ ಮಾಳಿಗೆ ಇದಕ್ಕಿಂತ ಮುಂದಿತ್ತು. ತೊಲೆ, ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು, ಮೇಲೆ ಒಂದಡಿಗೂ ಮಿಕ್ಕಿ ಮಣ್ಣು, ತುದಿಗೆ ಚೌಳು ಮಣ್ಣು. ಏಪ್ರಿಲ್ ಮಧ್ಯಾಹ್ನ ಅದರ ಕೆಳಗೆ ನಿದ್ದೆ ಬರ್ತಿತ್ತು. ಈಗ ನಾಲ್ಕೈದು ಅಂಗುಲದ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಮ್ಮ ಮೇಲೆ ಉಗುಳುತ್ತೆ. ನಮ್ಮವ್ವ ಹೊಸ ಮನೆಯಲ್ಲಿ ಒಂದು ಬೇಸಿಗೆಯೂ ಒಳಗೆ ಮಲಗಿಲ್ಲ.

ಹಾಗಂತ ‘ಮತ್ತೆ ಮಣ್ಣಿನ ಮನೆ ಕಟ್ಟಿ’ ಅನ್ನೋರ ಜೊತೆಗೂ ನಾನಿಲ್ಲ. ಮಣ್ಣಿನ ಮನೆ ಚೆಂದ ಅಂತ ಬರೆಯೋರು ಮಾಳಿಗೆ ಸೋರುವಾಗ ರಾತ್ರಿಯಿಡೀ ಪಾತ್ರೆ ಸರಿಸಿದವರಲ್ಲ. ವರ್ಷವರ್ಷ ಚೌಳು ಮಣ್ಣು ಹೊತ್ತು ಏರಿಸಿದವರೂ ಅಲ್ಲ. ತಲೆಮಾರುಗಟ್ಟಲೆ ಊರ ಹೊರಗೆ ಗುಡಿಸಲಲ್ಲಿ ಇದ್ದವರಿಗೆ ಸ್ಲ್ಯಾಬಿನ ಮನೆ ಅಂದರೆ ಮರ್ಯಾದೆ. ‘ನಿಮಗೆ ಇದು ಬೇಕಾ’ ಅಂತ ಅವರನ್ನು ಕೇಳುವ ಮುಂಚೆ ಕೇಳುವವನ ಮನೆಯ ಸೂರು ಯಾವುದು ಅಂತ ನೋಡಬೇಕು. ಬೇಕರ್ ಪುಸ್ತಕದಲ್ಲಿ ರೂಪಾಯಿಯ ಲೆಕ್ಕ ಇದೆ, ಈ ಮರ್ಯಾದೆಯ ಲೆಕ್ಕ ಸಾಲದು.

ಇನ್ನೊಂದು ಕೊರತೆಯೂ ಇದೆ, ಅದು ಪುಸ್ತಕದ ತಪ್ಪಲ್ಲ. ಬೇಕರ್ ಮನೆಯವರ ಜೊತೆ ಕೂತು ಮಾತಾಡಿ, ಕೆಲಸ ನಡೆಯೋ ಜಾಗದಲ್ಲೇ ನಿಂತು ಕಟ್ಟಿಸುತ್ತಿದ್ದರು. ಪುಸ್ತಕ ನಮ್ಮ ಸೈಟಿಗೆ ಬರುತ್ತೆ, ಬೇಕರ್ ಬರಲ್ಲ. ನಮ್ಮ ಮೇಸ್ತ್ರಿಗೆ ಹೆಂಚಿಟ್ಟ ಸ್ಲ್ಯಾಬಿನ ಚಿತ್ರ ತೋರಿಸಿದೆ. ‘ಚೆನ್ನಾಗೈತೆ ಸಾರ್, ಸೋರಿದ್ರೆ ಬೈಯೋದು ಯಾರನ್ನ?’ ಅಂದರು. ನ್ಯಾಯವಾದ ಮಾತು. ಅದು ಗೊತ್ತಿರುವ ಇಂಜಿನಿಯರ್ ಇಲ್ಲದೆ ಯಾರೂ ಕೈ ಹಾಕಬಾರದು.

ಹಾಗಾದರೆ ಪುಸ್ತಕ ಓದಬೇಕಾ? ಓದಬೇಕು, ಆದರೆ ಊರಿನ ಹಳೇ ಮನೆಯೊಂದರ ಪಡಸಾಲೆಯಲ್ಲಿ ಕೂತು ಓದಬೇಕು. ಪ್ರಶ್ನೆ ಕೇಳೋದನ್ನು ಪುಸ್ತಕ ಕಲಿಸುತ್ತೆ, ಉತ್ತರ ಹಳೇ ಮನೆ ಕೊಡುತ್ತೆ. ಪಡುವಣ ಗೋಡೆಗೆ ಯಾಕೆ ಕಿಟಕಿ ಇಟ್ಟಿಲ್ಲ, ಮುಂದೆ ಜಗಲಿ ಯಾಕೆ ಬಿಟ್ಟರು, ಮಡಕಶಿರಾ ಕಡೆ ಕಲ್ಲುಚಪ್ಪಡಿಯನ್ನೇ ಯಾಕೆ ಸೂರು ಮಾಡಿದರು, ಇವೆಲ್ಲ ಅಲ್ಲಿ ಕಣ್ಣಿಗೆ ಕಾಣುತ್ತೆ. ಈಗಾಗಲೇ ಸ್ಲ್ಯಾಬು ಹಾಕಿಸಿದವರು ಬೇಸಿಗೆಗೆ ಮುಂಚೆ ಅದರ ಮೇಲೆ ಬೆಳ್ಳಗೆ ಸುಣ್ಣ ಬಳಿಸಿ. ಅಷ್ಟಕ್ಕೇ ಒಳಗಿನ ಕಾವು ಇಳಿಯೋದು ತಿಳಿಯುತ್ತೆ.

ನಾನು ಮನೆಯ ನಕ್ಷೆಯನ್ನು ಇಂಜಿನಿಯರಿಗೆ ತೋರಿಸಿದೆ, ವಾಸ್ತು ಹೇಳೋರಿಗೆ ತೋರಿಸಿದೆ, ಸಾಲ ಕೊಟ್ಟವರಿಗೂ ತೋರಿಸಿದೆ. ನಮ್ಮವ್ವನಿಗೆ ತೋರಿಸಲಿಲ್ಲ. ಗೃಹಪ್ರವೇಶದ ದಿನ ಅವಳು ಎಲ್ಲಾ ಕೋಣೆ ಸುತ್ತಿ ಬಂದು ಕೇಳಿದ್ದು ಒಂದೇ: ‘ಎಲ್ಲಾ ಚೆನ್ನಾಗೈತಪ್ಪ, ನಾನು ಕೂತ್ಕೊಳ್ಳೋದು ಎಲ್ಲಿ?’ ಜಗಲಿ ಬಿಡೋದನ್ನು ನಾನು ಮರೆತಿದ್ದೆ. ಪಾಯಕ್ಕೆ ಸುಣ್ಣದ ಗೆರೆ ಹಾಕೋ ಮುಂಚೆ ನೀವು ಈ ಪುಸ್ತಕ ಓದಿ. ಅದಕ್ಕೂ ಮುಂಚೆ ಮನೆಯಲ್ಲಿರೋ ಹಿರಿಯರನ್ನು ಒಂದು ಮಾತು ಕೇಳಿ.