ಒಂದೇ ಗುಡ್ಡ, ಹಲವು ಮಣ್ಣು

ಒಂದೇ ತುಂಡು ನೆಲದ ದ್ರಾಕ್ಷಿಯಿಂದ ಮಾಡಿದ ವೈನೇ ಶ್ರೇಷ್ಠ ಎಂಬ ಮಾತು ಈಗ ರಸಿಕರ ನಡುವೆ ಜೋರಾಗಿದೆ. ಬರ್ಗಂಡಿಯ ಮಟ್ಟಿಗೆ ಒಪ್ಪೋಣ. ಎರ್ಮಿತಾಜ್‌ನ ಕೆಂಪು ವೈನಿನ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರಿದೆ.

ದಕ್ಷಿಣ ಫ್ರಾನ್ಸಿನತ್ತ ಇಳಿಯುವ ರೋನ್ ನದಿಯ ಎಡದಂಡೆಯಲ್ಲಿ, ತ್ಯಾಂ ಊರಿನ ಬೆನ್ನಿಗೇ ಇರುವ ಗುಡ್ಡ ಇದು. ದ್ರಾಕ್ಷಿ ತೋಟವೆಲ್ಲ ಸೇರಿ ಸುಮಾರು 136 ಹೆಕ್ಟೇರ್, ಅಷ್ಟೇ. ಇಳಿಜಾರು ಎಷ್ಟು ಕಡಿದೆಂದರೆ ಕಲ್ಲಿನ ಕಟ್ಟೆ ಕಟ್ಟಿ ಮಣ್ಣು ತಡೆಯಬೇಕು. ಮಳೆಗೆ ಜಾರಿದ್ದನ್ನು ಮತ್ತೆ ಮೇಲಕ್ಕೆ ಹೊರಬೇಕು. ಉತ್ತರದಿಂದ ನುಗ್ಗುವ ಮಿಸ್ತ್ರಾಲ್ ಗಾಳಿಗೆ ಬಳ್ಳಿ ಮುರಿಯದಂತೆ ಗೂಟ ಕೊಡಬೇಕು. ಬೆಳೆಯುವ ಕೆಂಪು ದ್ರಾಕ್ಷಿ ಒಂದೇ, ಸಿರಾ. ನಂದಿಬೆಟ್ಟದ ಸೀಮೆಯಲ್ಲಿ ಶಿರಾಜ್ ಎನ್ನುವುದೂ ಇದೇ ತಳಿಯನ್ನೇ.

ತಳಿ ಒಂದಾದರೂ ಮಣ್ಣು ಒಂದಲ್ಲ. ಪಶ್ಚಿಮದ ಬೆಸ್ಸಾರ್ ಗ್ರಾನೈಟ್ ನೆಲ. ಅಲ್ಲಿನ ವೈನಿಗೆ ಗಟ್ಟಿ ಬೆನ್ನೆಲುಬು, ಎಳೆಯದರಲ್ಲಿ ನಾಲಿಗೆ ಹಿಡಿಯುವ ಒಗರು. ಪಕ್ಕದ ಮೇಯಾಲ್‌ನಲ್ಲಿ ಬಿಸಿಲು ಹೀರುವ ಉರುಟುಗಲ್ಲು. ಅಲ್ಲಿಯದು ಮೈತುಂಬಿದ ವೈನ್. ತಪ್ಪಲಿನ ಗ್ರೆಫ್ಯೂ ಮೃದು. ಶಾವ್ ಮನೆತನ 1481ರಿಂದ ಈ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುತ್ತಿದೆ. ಅವರು ಪ್ರತಿ ತುಂಡಿನದನ್ನೂ ಬೇರೆ ಬೇರೆ ಪೀಪಾಯಿಯಲ್ಲಿ ಬೆಳೆಸಿ, ಕೊನೆಗೆ ರುಚಿ ನೋಡಿ ಬೆರೆಸುತ್ತಾರೆ. ಕಸುಬಿನ ನಿಜವಾದ ಪರೀಕ್ಷೆ ಅಲ್ಲಿದೆ. ಜಾಬೂಲೆ ಸಂಸ್ಥೆಯ 1961ರ 'ಲಾ ಶಾಪೆಲ್' ಇಪ್ಪತ್ತನೇ ಶತಮಾನದ ಮಹಾ ವೈನ್‌ಗಳ ಸಾಲಿನಲ್ಲಿದೆ. ಗುಡ್ಡದ ಮೇಲಿನ ಪುಟ್ಟ ಪ್ರಾರ್ಥನಾ ಮಂದಿರದ ಹೆಸರು ಹೊತ್ತರೂ ಅದು ಮಂದಿರದ ಸುತ್ತಲಿನ ಒಂದು ತುಂಡಿನದಲ್ಲ, ಬೇರೆ ಬೇರೆ ತುಂಡುಗಳ ಬೆರಕೆ.

ಬೆರಕೆಯ ಲಾಭ ಗೊತ್ತಾಗುವುದು ವಯಸ್ಸಾದ ಮೇಲೆ. ಎಳೆಯ ಎರ್ಮಿತಾಜ್‌ನಲ್ಲಿ ಕಾಳುಮೆಣಸು, ಕಪ್ಪುಹಣ್ಣು ಎದ್ದು ಕಾಣುತ್ತವೆ. ಕೆಲವು ವರ್ಷ ಕಳೆದರೆ ಬಾಯಿ ಹೊಲಿದುಕೊಂಡು ಕೂರುತ್ತದೆ. ದುಡ್ಡು ಕೊಟ್ಟವನಿಗೆ ಆಗ ಬರೀ ಒಗರು. ಒಳ್ಳೆಯ ವರ್ಷದ ಬಾಟಲಿ ಹದಿನೈದು, ಇಪ್ಪತ್ತು ವರ್ಷ ದಾಟಿದಾಗ ಒಗರಿನ ಟ್ಯಾನಿನ್ ಬಣ್ಣದೊಂದಿಗೆ ಕೂಡಿ ತಳಕ್ಕಿಳಿಯುತ್ತದೆ. ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆ ಹಿಡಿದರೆ ಅಂಚು ಇಟ್ಟಿಗೆ ಬಣ್ಣ. ಮೂಗಿಗೆ ಹದಮಾಡಿದ ತೊಗಲು, ಹೊಗೆ, ಒದ್ದೆ ಕಾಡುನೆಲ. ಗ್ರಾನೈಟಿನ ಬಿಗಿ ಯಾವುದು, ಮೇಯಾಲ್‌ನ ತುಂಬು ಯಾವುದು ಎಂದು ಬಿಡಿಸಿ ಹೇಳಲಾಗದು.

ಇಂಥ ಬಾಟಲಿಗೆ ಉಪಚಾರ ಕಡಿಮೆ, ಎಚ್ಚರ ಹೆಚ್ಚು ಬೇಕು. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ ಚರಟ ಕೂರಲು ಬಿಡಿ. ಹಳೇ ಕಾರ್ಕ್ ಪುಡಿಯಾಗದಂತೆ ನಿಧಾನವಾಗಿ ತೆಗೆಯಿರಿ. ಕತ್ತಿನ ಹಿಂದೆ ದೀಪ ಹಿಡಿದು ಒಂದೇ ಧಾರೆಯಲ್ಲಿ ಜಗ್ಗಿಗೆ ಬಗ್ಗಿಸಿ. ಚರಟದ ಎಳೆ ಕಂಡ ಕ್ಷಣ ನಿಲ್ಲಿಸಿ. ಬಹಳ ಹಳೆಯದಾದರೆ ಗಾಳಿಗೆ ಗಂಟೆಗಟ್ಟಲೆ ಬಿಡಬೇಡಿ, ಪರಿಮಳ ಹಾರಿಹೋಗುತ್ತದೆ. 17 ಡಿಗ್ರಿ ಆಸುಪಾಸಿನ ತಂಪು ಸಾಕು. ನಮ್ಮ ಕೋಣೆಯ ಶಾಖ ಅತಿಯಾಯಿತು.

ಒಂದೇ ತುಂಡಿನ ಎರ್ಮಿತಾಜ್ ಸಿಕ್ಕರೆ ಬೇಡವೆನ್ನಬೇಕಿಲ್ಲ. ಆ ನೆಲದ ಗುಣ ಅರಿಯಲು ಅದೇ ಮೇಲು. ಮಗಳು ಹುಟ್ಟಿದ ವರ್ಷದ್ದನ್ನು ಅವಳ ಮದುವೆಗೆಂದು ತೆಗೆದಿಡುವವರು ಮಾತ್ರ ಕಣ್ಣುಮುಚ್ಚಿ ಬೆರಕೆಯದನ್ನೇ ಕೊಳ್ಳಲಿ.